ಹಳೇ ಸಿಟಿ ವಿಟೆಕ್‌ಗೆ ಟರ್ಬೋ: ಮೂರು ವರ್ಷದ ಬಳಕೆ, 4.6 ಲಕ್ಷದ ಲೆಕ್ಕ

ಟರ್ಬೋ ಕಿಟ್‌ಗೆ ನಾನು ಕೊಟ್ಟಿದ್ದು 1.35 ಲಕ್ಷ. ಕಾರು ನೆಟ್ಟಗೆ ಓಡುವ ಹೊತ್ತಿಗೆ ಕೈಯಿಂದ ಹೋಗಿದ್ದು 4.6 ಲಕ್ಷ. ಟರ್ಬೋ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ, ಹಾಕಿಸಬೇಕು ಅಂತ ಮನಸ್ಸು ಮಾಡಿರುವವರು ಮೊದಲು ಈ ಎರಡು ಲೆಕ್ಕ ನೋಡಿ. ಮಾರುವವರು ಹೇಳುವುದು ಮೊದಲನೆಯದನ್ನು ಮಾತ್ರ.

ನನ್ನದು 2002ರ ಹೋಂಡಾ ಸಿಟಿ, 1.5 ಲೀಟರ್ ವಿಟೆಕ್ ಎಂಜಿನ್. ನಾಲ್ಕು ಬಾಗಿಲಿನ ಕಾರನ್ನು ಸ್ಪೋರ್ಟ್ಸ್ ಕಾರ್ ಅನ್ನಬಹುದಾ ಅಂತ ಕೆಲವರು ಕೇಳುತ್ತಾರೆ. ಆ ಕಾಲಕ್ಕೆ 106 ಪಿಎಸ್ (ಹಾರ್ಸ್‌ಪವರ್) ಕೊಡುತ್ತಿದ್ದ ಈ ಕಾರೇ ನಮ್ಮ ಕಡೆಯ ಹುಡುಗರ ಪಾಲಿನ ಸ್ಪೋರ್ಟ್ಸ್ ಕಾರ್. ಚಿಕ್ಕಮಗಳೂರಿನಲ್ಲಿ ರ‍್ಯಾಲಿ ನೋಡುತ್ತಾ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ತೋಟದೊಳಗಿನ ಮಣ್ಣು ರಸ್ತೆಯೇ ಇಲ್ಲಿ ಸ್ಟೇಜ್, ಅಂದರೆ ಓಟದ ದಾರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾರನ್ನು ನಾನು ಡಾಂಬರು ರಸ್ತೆಗೆ ಇಳಿಸುವುದಿಲ್ಲ. ಕಂಪನಿ ಕೊಟ್ಟ ಎಂಜಿನ್ ಅನ್ನು ಅನುಮತಿ ಇಲ್ಲದೆ ಬದಲಾಯಿಸಿ ರಸ್ತೆಯಲ್ಲಿ ಓಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದೇ ಅದನ್ನು. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ಇನ್ಶೂರೆನ್ಸ್‌ನವರೂ ಇದನ್ನೇ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಕಾರು ಓಡುವುದು ತೋಟದೊಳಗೆ ಮತ್ತು ಆಟೋಕ್ರಾಸ್ ಅನ್ನುವ ಮಣ್ಣಿನ ಟ್ರ್ಯಾಕ್ ಸ್ಪರ್ಧೆಯಲ್ಲಿ. ಬೇರೆ ಊರಿಗೆ ಹೋಗಬೇಕಾದರೆ ಲಾರಿ ಏರಿ ಹೋಗುತ್ತದೆ. ಆ ಬಾಡಿಗೆಯನ್ನೂ ಬಜೆಟ್‌ನಲ್ಲಿ ಬರೆದಿಡಿ, ಅದೇನೂ ಚಿಲ್ಲರೆ ದುಡ್ಡಲ್ಲ.

ಈಗ ಕಿಟ್ ವಿಷಯ. ನನಗೆ ಇವತ್ತಿಗೂ ಬೇಸರ ಇರುವುದು ಇದರ ಮೇಲೆ. ಫೋನ್‌ನಲ್ಲಿ ಮಾರಿದವರು ಹೇಳಿದ್ದು, ಬಿಚ್ಚಿ ಕೂರಿಸಿದರೆ ಆಯ್ತು, ಎಲ್ಲವೂ ಒಳಗೇ ಇದೆ ಅಂತ. ಪೆಟ್ಟಿಗೆಯಲ್ಲಿ ಇದ್ದದ್ದು ಟರ್ಬೋ, ಎಂಜಿನ್ ಹೊಗೆಯನ್ನು ಟರ್ಬೋಗೆ ತರುವ ಎರಕದ ಮ್ಯಾನಿಫೋಲ್ಡ್, ಟರ್ಬೋದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್, ಒಂದಷ್ಟು ಅಲ್ಯೂಮಿನಿಯಂ ಪೈಪು, ಸಿಲಿಕಾನ್ ಹೋಸು. ಟರ್ಬೋದಿಂದ ಆಯಿಲ್ ಇಳಿಯುವ ಪೈಪೇ ಇಲ್ಲ. ಇಂಜೆಕ್ಟರ್ ಇಲ್ಲ, ಪೆಟ್ರೋಲ್ ಪಂಪ್ ಇಲ್ಲ, ಎಂಜಿನ್‌ಗೆ ಬುದ್ಧಿ ಹೇಳುವ ಇಸಿಯು ಇಲ್ಲ. ಕೇಳಿದರೆ, ಅದೆಲ್ಲ ಕಾರಿಂದ ಕಾರಿಗೆ ಬೇರೆ ಬೇರೆ ಸರ್, ಅನ್ನುವ ಉತ್ತರ. ಹಾಗಿದ್ದರೆ ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಬೇಕಿತ್ತು, ಅಲ್ವಾ?

ಆಯಿಲ್ ಇಳಿಯುವ ಪೈಪಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನ್ನ ನೆಮ್ಮದಿಯನ್ನು ಹೆಚ್ಚು ದಿನ ಕೆಡಿಸಿದ್ದು ಅದೇ. ಟರ್ಬೋದ ಒಳಗಿನ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಅದು ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಾ ತಿರುಗುವುದು. ಆಯಿಲ್ ಒಳಗೆ ಬರುವುದು ಪಂಪಿನ ಒತ್ತಡದಿಂದ. ಹೊರಗೆ ಹೋಗುವುದು ಮಾತ್ರ ತನ್ನ ಭಾರಕ್ಕೆ ತಾನೇ ಇಳಿದು. ಹಾಗಾಗಿ ಹೊರಗೆ ಹೋಗುವ ಪೈಪು ದಪ್ಪ ಇರಬೇಕು, ಎಲ್ಲೂ ಮಡಚಬಾರದು, ಇಳಿಜಾರಾಗಿ ಬಂದು ಎಂಜಿನ್ ಕೆಳಗಿನ ಸಂಪ್‌ನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲದಿದ್ದರೆ ಆಯಿಲ್ ಒಳಗೇ ಕಟ್ಟಿಕೊಂಡು ಸೀಲ್ ದಾಟಿ ಸೈಲೆನ್ಸರ್‌ಗೆ ಹೋಗುತ್ತದೆ. ನನ್ನ ಕಾರು ಐಡಲ್‌ನಲ್ಲಿ ನಿಂತಾಗಲೆಲ್ಲ ನೀಲಿ ಹೊಗೆ ಬಿಡುತ್ತಿತ್ತು. ಕಿಟ್ ಮಾರಿದವರು, ಟರ್ಬೋ ಸೀಲ್ ಹೋಗಿದೆ, ಹೊಸ ಟರ್ಬೋ ತಗೊಳ್ಳಿ ಅಂದರು. ಅಂದರೆ ಇನ್ನೊಂದು 45,000.

ಅದನ್ನು ಉಳಿಸಿಕೊಟ್ಟಿದ್ದು ಹಾಸನದ ಒಬ್ಬ ಡೀಸೆಲ್ ಮೇಸ್ತ್ರಿ. ನಮ್ಮಲ್ಲಿ ಪೆಟ್ರೋಲ್ ಕಾರಿಗೆ ಟರ್ಬೋ ಅಂದರೆ ಹೊಸ ವಿಷಯ. ಆದರೆ ಪಿಕಪ್, ಜೀಪು, ಲಾರಿ ರಿಪೇರಿ ಮಾಡುವವರ ಕೈಗೆ ದಿನಾ ಸಿಗುವುದೇ ಟರ್ಬೋ. ಅವರು ಇನ್‌ಟೇಕ್ ಪೈಪ್ ಬಿಚ್ಚಿ, ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿದರು. ಆಮೇಲೆ ಮೇಲೆ ಕೆಳಗೆ ಅಲ್ಲಾಡಿಸಿದರು. "ಗೌಡ್ರೇ, ಟರ್ಬೋ ಗಟ್ಟಿಯಾಗಿದೆ. ಆಯಿಲ್ ಕೆಳಗೆ ಇಳೀತಾ ಇಲ್ಲ, ಅದಕ್ಕೇ ಹೊಗೆ" ಅಂದರು. ಸಂಪ್ ಕೆಳಗಿಳಿಸಿ, ಪಕ್ಕದ ಲೇತ್ ಅಂಗಡಿಯಲ್ಲಿ ಒಂದು ಮೋಟು ಪೈಪ್ ಕಡಿಸಿ, ಮೊದಲು ಪೈಪ್ ಸೇರಿಸಿದ್ದ ಜಾಗಕ್ಕಿಂತ ಮೇಲೆ ತೂತು ಕೊರೆದು ವೆಲ್ಡ್ ಮಾಡಿಸಿದರು. ಶಾಖ ತಡೆಯುವ ದಪ್ಪ ಹೋಸ್ ಹಾಕಿದರು. ಆಯಿಲ್ ಲೈನ್ ಕೆಲಸ ಪೂರ್ತಿ ಸೇರಿ 9,000 ಆಯಿತು. ಹೊಗೆ ನಿಂತಿತು. ಆ ಟರ್ಬೋ ಇವತ್ತಿಗೂ ಅದೇ ಇದೆ.

ದೊಡ್ಡ ಖರ್ಚು ಇಸಿಯು ಮತ್ತು ವೈರಿಂಗ್: 1.1 ಲಕ್ಷ. ಬೆಂಗಳೂರಿನಲ್ಲಿ ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಟ್ಯೂನ್ ಮಾಡಿಸಲು ಇನ್ನೊಂದು 35,000. ಇಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಗಾಳಿ ಜಾಸ್ತಿ ಹೋದಾಗ ಪೆಟ್ರೋಲೂ ಅಷ್ಟೇ ಜಾಸ್ತಿ ಹೋಗಬೇಕು. ಕಿಡಿ ಹಾರುವುದನ್ನೂ ಸ್ವಲ್ಪ ತಡ ಮಾಡಬೇಕು. ಇಲ್ಲದಿದ್ದರೆ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿಯುವುದು) ಶುರುವಾಗಿ ಪಿಸ್ಟನ್ ಒಡೆಯುತ್ತದೆ. ಈ ಎಂಜಿನ್ ಟರ್ಬೋಗೆಂದು ಮಾಡಿದ್ದಲ್ಲ, ಪಿಸ್ಟನ್ ರಾಡ್ ಎಲ್ಲ ಕಂಪನಿಯದೇ. ಅದಕ್ಕೇ ಬೂಸ್ಟ್, ಅಂದರೆ ಟರ್ಬೋ ಸೇರಿಸುವ ಗಾಳಿಯ ಒತ್ತಡ, ಅರ್ಧ ಬಾರ್‌ಗೆ ನಿಲ್ಲಿಸಿದ್ದೇನೆ, ನಾಕಿಂಗ್ ತಡೆಯುವ 95 ಆಕ್ಟೇನ್ ಪೆಟ್ರೋಲ್ ಬಿಟ್ಟು ಬೇರೆ ಹಾಕುವುದಿಲ್ಲ. ಟ್ಯೂನ್ ಮಾಡಿದ ಹುಡುಗ ಇನ್ನೂ ಏರಿಸಬಹುದು ಅಂದ. ಬೇಡ ಅಂದೆ. ಎಂಜಿನ್ ಒಡೆದರೆ ಇನ್ನೊಂದು ತರಲು ನನ್ನಲ್ಲಿ ದುಡ್ಡಿಲ್ಲ.

ಇನ್ನುಳಿದಿದ್ದು ಬೇಗ ಹೇಳುತ್ತೇನೆ. ಇಂಜೆಕ್ಟರ್ ಮತ್ತು ಪಂಪ್ 38,000. ಕ್ಲಚ್ 30,000. ಬೂಸ್ಟ್ ಮತ್ತು ಎಎಫ್‌ಆರ್ (ಗಾಳಿ-ಪೆಟ್ರೋಲ್ ಪ್ರಮಾಣ) ಮೀಟರ್ 22,000. ಪೈಪು, ಸೈಲೆನ್ಸರ್ ಫ್ಯಾಬ್ರಿಕೇಶನ್ 28,000. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮುಂದಕ್ಕೆ ಇರುವುದರಿಂದ ಟರ್ಬೋ ಬಂದು ಕೂರುವುದು ರೇಡಿಯೇಟರ್‌ಗೆ ಅಂಟಿಕೊಂಡಂತೆ. ಹಳೇ ಫ್ಯಾನ್‌ಗೆ ಜಾಗವೇ ಇಲ್ಲ. ತೆಳು ಫ್ಯಾನ್, ಅಲ್ಯೂಮಿನಿಯಂ ರೇಡಿಯೇಟರ್ ಸೇರಿ 24,000. ಒಂದು ಕಡೆ ಮಾತ್ರ ಊರು ಕೈ ಹಿಡಿಯಿತು. ನಮ್ಮ ಹವೆಗೆ ಏಸಿ ಯಾಕೆ? ಕಂಡೆನ್ಸರ್ ತೆಗೆಸಿದೆ, ಆ ಜಾಗದಲ್ಲಿ ಇಂಟರ್‌ಕೂಲರ್ ಸಲೀಸಾಗಿ ಕೂತಿತು. ಮಿಕ್ಕಿದ್ದು ಲಾರಿ ಬಾಡಿಗೆ, ಗ್ಯಾಸ್ಕೆಟ್, ಸ್ಟಡ್, ಆಯಿಲ್ ಅಂತ ಹೋಯಿತು.

ಸ್ಪರ್ಧೆಗೆ ಇಳಿಯುವವರು ಇನ್ನೊಂದು ಗಮನಿಸಿ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ) ಲೆಕ್ಕದಲ್ಲಿ ಟರ್ಬೋ ಇರುವ ಪೆಟ್ರೋಲ್ ಎಂಜಿನ್‌ನ ಸಿಸಿಯನ್ನು 1.7ರಿಂದ ಗುಣಿಸುತ್ತಾರೆ. ನನ್ನ 1,493 ಸಿಸಿ ಕಾಗದದ ಮೇಲೆ 2,500 ದಾಟುತ್ತದೆ. ನಿಮ್ಮ ಕ್ಲಾಸ್ ಬದಲಾಗುತ್ತದೆ, ಎದುರಾಳಿಗಳೂ ಬದಲಾಗುತ್ತಾರೆ. ಗೆಲ್ಲುವುದಷ್ಟೇ ಗುರಿಯಾದರೆ ಟರ್ಬೋ ಬದಲು ಒಳ್ಳೆಯ ಸಸ್ಪೆನ್ಷನ್, ಟೈರ್‌ಗೆ ದುಡ್ಡು ಹಾಕಿ.

ಇಷ್ಟು ಬರೆದ ಮೇಲೆ, ಮಾರಿಬಿಡು ಮಾರಾಯ ಅಂತ ನೀವು ಅನ್ನಬಹುದು. ಮಾರುವುದಿಲ್ಲ. ಕಾರಣ ಈ ಬೆಟ್ಟ.

ನಮ್ಮ ತೋಟ ಇರುವುದು ಬಾಬಾಬುಡನ್‌ಗಿರಿ ಕಡೆಯ ಇಳಿಜಾರಿನಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 13ರಷ್ಟು ಕಡಿಮೆ. ಟರ್ಬೋ ಇಲ್ಲದ ಎಂಜಿನ್ ಹೊರಗಿರುವ ಗಾಳಿಯನ್ನಷ್ಟೇ ಎಳೆದುಕೊಳ್ಳಬಲ್ಲದು. ಅಂದರೆ 106 ಪಿಎಸ್ ಅಂತ ಬರೆದಿದ್ದರೂ ನನ್ನ ಗೇಟಿನ ಹತ್ತಿರ ಇದ್ದದ್ದು 92ರ ಆಸುಪಾಸು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆ ಹಿಂದಿನ ಏರಿನಲ್ಲಿ ಮೊದಲು ಎರಡನೇ ಗೇರ್ ಸಾಕಾಗುತ್ತಿರಲಿಲ್ಲ, ಮೊದಲನೆಯದಕ್ಕೆ ಇಳಿಸಬೇಕಿತ್ತು. ಟರ್ಬೋ ಬಂದ ಮೇಲೆ ಫುಲ್ ಬೂಸ್ಟ್‌ನಲ್ಲಿ, ಹೊರಗೆ 0.88 ಬಾರ್ ಇದ್ದರೂ ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಒಳಗೆ 1.38. ಅದೇ ಏರಿನಲ್ಲಿ ಎರಡನೇ ಗೇರ್, 3,000 ಆರ್‌ಪಿಎಂ, ಕಾಲು ಒತ್ತುತ್ತಿದ್ದಂತೆ ಸಣ್ಣಗೆ ಸೀಟಿ ಶುರುವಾಗುತ್ತದೆ. ಆಮೇಲೆ ಸಿಲ್ವರ್ ಓಕ್ ಮರಗಳು ಎರಡೂ ಕಡೆ ಹಿಂದಕ್ಕೆ ಓಡುತ್ತವೆ. ಎಂಜಿನ್‌ಗೆ ಎತ್ತರ ಗೊತ್ತೇ ಆಗುವುದಿಲ್ಲ.

ಇದು ಹೊಸ ವಿಷಯವೇನಲ್ಲ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ವಿಮಾನದ ಲಿಬರ್ಟಿ ಎಂಜಿನ್‌ಗೆ ಟರ್ಬೋ ಕಟ್ಟಿ, ಅದನ್ನು ಪೈಕ್ಸ್ ಪೀಕ್ ಬೆಟ್ಟದ ಮೇಲೆ 14,000 ಅಡಿ ಎತ್ತರಕ್ಕೆ ಒಯ್ದು ಪರೀಕ್ಷೆ ಮಾಡಿದ್ದರು. ಎತ್ತರದಲ್ಲಿ ಕಳೆದುಹೋದ ಶಕ್ತಿಯನ್ನು ವಾಪಸ್ ತರುವುದೇ ಆಗ ಟರ್ಬೋದ ಕೆಲಸ. ಬಯಲುಸೀಮೆಯಲ್ಲಿರುವ ಗೆಳೆಯರು ಟರ್ಬೋವನ್ನು ವೇಗಕ್ಕೆ ಅಂತ ಹಾಕಿಸುತ್ತಾರೆ. ಮಲೆನಾಡಿನಲ್ಲಿ ಅದು ಮೊದಲು ನಮ್ಮ ಪಾಲಿನ ಗಾಳಿಯನ್ನು ನಮಗೆ ಕೊಡುತ್ತದೆ. ಈ ಸಂತೋಷ ಯಾವ ಕಿಟ್‌ನ ಜಾಹೀರಾತಿನಲ್ಲೂ ಇರಲಿಲ್ಲ.

ಕಾರಿನ ಜೊತೆಗಿನ ದಿನಚರಿಯೂ ಬದಲಾಗಿದೆ. ಬೆಳಿಗ್ಗೆ ಕಣದ ಪಕ್ಕ ನಿಲ್ಲಿಸಿ, ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ಎಳೆದು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ನೋಡುತ್ತೇನೆ. ಆಯಿಲ್ ಬಣ್ಣ, ವಾಸನೆ ಎರಡೂ ನೋಡುತ್ತೇನೆ. ಬಿಸಿಯಾಗುವ ತನಕ ಬೂಸ್ಟ್ ಮುಳ್ಳು ಸೊನ್ನೆ ದಾಟಲು ಬಿಡುವುದಿಲ್ಲ. ವಾಪಸ್ ಬರುವಾಗ ಕೆಲಸದವರ ಲೈನ್ ಮನೆಗಳಿಂದ ಶೆಡ್ ತನಕ ನಿಧಾನ, ಶೆಡ್‌ನಲ್ಲಿ ಒಂದೆರಡು ನಿಮಿಷ ಐಡಲ್. ಕೆಂಪಗೆ ಕಾದ ಟರ್ಬೋದಲ್ಲಿ ಆಯಿಲ್ ಹಾಗೇ ನಿಂತರೆ ಸುಟ್ಟು ಮಸಿ ಕಟ್ಟುತ್ತದೆ, ಅದಕ್ಕೆ. ಆ ಒಂದೆರಡು ನಿಮಿಷ ಬಾನೆಟ್ ಎತ್ತಿ ಸುಮ್ನೆ ನಿಂತು ನೋಡುವುದು ನನಗೆ ತುಂಬಾ ಇಷ್ಟ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಕೂಡ ಈಗ ಪಕ್ಕ ಬಂದು ನಿಲ್ಲುತ್ತಾರೆ. ಮಳೆಗಾಲದಲ್ಲಿ ಓಡಿಸುವುದಿಲ್ಲ. ಬ್ಯಾಟರಿ ಬಿಚ್ಚಿ, ಏರ್ ಫಿಲ್ಟರ್ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತೇನೆ, ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತದೆ.

ಆಯಿಲ್ ಮಾತ್ರ ಪೂರ್ತಿ ಸಿಂಥೆಟಿಕ್, 4,000 ಕಿಲೋಮೀಟರ್ ಆಗುವ ಮುಂಚೆಯೇ ಬದಲಾಯಿಸುತ್ತೇನೆ.

ಹೊಸ ಖರ್ಚು ಒಂದು ಬಂದಿದೆ. ನಾನು ಟ್ಯೂನ್ ಮಾಡಿಸಿದಾಗ ಬಂಕ್‌ಗಳಲ್ಲಿ ಶೇ. 10 ಎಥನಾಲ್ ಪೆಟ್ರೋಲ್ ಇತ್ತು, ಈಗ ಶೇ. 20, ಅಂದರೆ ಇ20. ಎಥನಾಲ್‌ಗೆ ಆಕ್ಟೇನ್ ಜಾಸ್ತಿ, ಅದು ಟರ್ಬೋಗೆ ಒಳ್ಳೆಯದೇ. ಆದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಸುರಿಯಬೇಕು. ಫುಲ್ ಬೂಸ್ಟ್‌ನಲ್ಲಿ ಎಎಫ್‌ಆರ್ ಮೀಟರ್ ಮೊದಲಿಗಿಂತ ಲೀನ್ (ಪೆಟ್ರೋಲ್ ಕಡಿಮೆ) ತೋರಿಸತೊಡಗಿದ್ದೇ ನನಗೆ ಎಚ್ಚರಿಕೆ. ಆ 22,000ದ ಮೀಟರ್ ಇಲ್ಲದಿದ್ದರೆ ಎಂಜಿನ್ ಹೋದ ಮೇಲಷ್ಟೇ ಗೊತ್ತಾಗುತ್ತಿತ್ತು. ಹಳೇ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಪೂರ್ತಿ ಬದಲಾಯಿಸಿದ್ದೇನೆ. ಮತ್ತೆ ಟ್ಯೂನ್ ಆಗುವ ತನಕ ಬೂಸ್ಟ್ ಕಡಿಮೆ ಇಟ್ಟು ಓಡಿಸುತ್ತಿದ್ದೇನೆ.

ರಸ್ತೆಯಲ್ಲಿ ದಿನಾ ಓಡಿಸಲು ಟರ್ಬೋ ಬೇಕು ಅನ್ನುವವರು ಈ ದಾರಿ ಹಿಡಿಯಬೇಡಿ. 4.6 ಲಕ್ಷಕ್ಕೆ ಕಂಪನಿಯಿಂದಲೇ ಟರ್ಬೋ ಹಾಕಿ ಬಂದ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ, ಬಲೆನೊ ಆರ್‌ಎಸ್, ಲೀನಿಯಾ ಟಿ-ಜೆಟ್ ಥರದ್ದು ಹುಡುಕಿ. ಕಾನೂನಿನ ತಕರಾರಿಲ್ಲ, ಇನ್ಶೂರೆನ್ಸ್ ಇರುತ್ತದೆ. ನನ್ನ ಹಾಗೆ ಓಡಿಸಲು ಸ್ವಂತ ಜಾಗ ಇದ್ದು, ಹಳೇ ಕಾರಿನ ಮೇಲೆ ಪ್ರೀತಿ ಇದ್ದರೆ, ಕಿಟ್ ಬೆಲೆಯನ್ನು ಮೂರೂವರೆಯಿಂದ ಗುಣಿಸಿ ಅಷ್ಟು ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ. ಆಯಿಲ್ ಪೈಪಿನ ಕೆಲಸವನ್ನು ಡೀಸೆಲ್ ಮೇಸ್ತ್ರಿಗೇ ಕೊಡಿ. ನಾನು ಕಾಫಿ ಹಣ್ಣು ಕೊಯ್ದ ದುಡ್ಡು ಬಂದ ಕೂಡಲೇ ಕಾರನ್ನು ಲಾರಿ ಹತ್ತಿಸಿ ಬೆಂಗಳೂರಿಗೆ ಕಳಿಸುತ್ತೇನೆ, ಇ20ಗೆ ಟ್ಯೂನ್ ಮಾಡಿಸಲು. ಅದಕ್ಕೆ 35,000 ಬೇರೆ ಎತ್ತಿಟ್ಟಿದ್ದೇನೆ.