ಓಆರ್‌ಎಸ್ ಪ್ಯಾಕೆಟ್: ಒಳಗಿರುವ ಪುಡಿಗೆ ಐದು ಸ್ಟಾರ್, ಹೊರಗಿನ ಬರಹಕ್ಕೆ ಎರಡೇ

ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಈ ಪುಡಿಯ ಬಗ್ಗೆ ನನ್ನದೇನೂ ತಕರಾರಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಖಾಲಿಯಾದಾಗ, ಡಾ. ದಿಲೀಪ್ ಮಹಾಲನೋಬಿಸ್ ಜನರನ್ನು ಉಳಿಸಿದ್ದು ಇಂಥದ್ದೇ ಉಪ್ಪು-ಗ್ಲೂಕೋಸ್ ನೀರು ಕುಡಿಸಿ. ಈಗಿನ ಅಳತೆ 2002ರಿಂದ ಇದೆ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಮ್, ಸಿಟ್ರೇಟ್. ಗ್ಲೂಕೋಸ್ ಬರೀ ರುಚಿಗೆ ಅಂದುಕೊಳ್ಳಬೇಡಿ, ಕರುಳು ಉಪ್ಪನ್ನೂ ಅದರ ಹಿಂದೆ ನೀರನ್ನೂ ಎಳೆದುಕೊಳ್ಳುವುದೇ ಅದರ ಬಲದಿಂದ.

ಜಗಳ ಇರುವುದು ಪ್ಯಾಕೆಟ್ ಜೊತೆ. ದೊಡ್ಡದು ಸುಮಾರು 21 ಗ್ರಾಂ, ಒಂದು ಲೀಟರ್ ನೀರಿಗೆ. ಪುಟ್ಟದು 4 ಗ್ರಾಂ ಚಿಲ್ಲರೆ, 200 ಎಂಎಲ್ ನೀರಿಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟು ಆಗಿ ಮಗುವಿಗೆ ಅಪಾಯ, ಪುಟ್ಟದನ್ನು ಲೀಟರಿಗೆ ಕಲಸಿದರೆ ಸುಮ್ನೆ ನೀರು. ಎಲ್ಲಕ್ಕಿಂತ ಮುಖ್ಯವಾದ ಈ ಮಾತು ನಾನು ತಂದ ಪ್ಯಾಕೆಟ್‌ನಲ್ಲಿ ಎಲ್ಲಿದೆ ಗೊತ್ತಾ? ಹಿಂದುಗಡೆ, ಇಂಗ್ಲಿಷಿನಲ್ಲಿ, ಬ್ಯಾಚ್ ನಂಬರಿನ ಕೆಳಗೆ, ಇರುವೆ ಸಾಲಿನ ಹಾಗೆ. ಮುಂದುಗಡೆ ಅಂಗೈಯಗಲ ಕಿತ್ತಳೆ ಹಣ್ಣಿನ ಚಿತ್ರ! ಓದು ಬಾರದ ಅಜ್ಜಿ ಇದನ್ನು ನೋಡಿ ಏನು ತಿಳಿಯಬೇಕು?

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯವರು 1980ರಲ್ಲೇ ಇದಕ್ಕೆ ತಲೆ ಕೆಡಿಸಿಕೊಂಡಿದ್ದರು. ಪ್ಯಾಕೆಟ್ಟೇ ಬೇಡ ಅಂತ ಮನೆಮನೆಗೆ ಹೋಗಿ, ಮೂರು ಬೆರಳಲ್ಲಿ ಹಿಡಿಯುವಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಅಂತ ತಾಯಂದಿರ ಕೈಯಲ್ಲೇ ಕಲಸಿಸಿದರು. ನನಗೆ ತುಂಬಾ ಹಿಡಿಸಿದ್ದು ಸಂಬಳದ ಲೆಕ್ಕ. ಆಮೇಲೆ ಬೇರೊಬ್ಬರು ಹೋಗಿ ತಾಯಿಯನ್ನು ಕೇಳುತ್ತಿದ್ದರು, ಆಕೆಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳಿಗೆ ದುಡ್ಡು. ಆದರೂ ಬಾಯಿಪಾಠ ಒಪ್ಪಿಸಿದ ತಾಯಂದಿರೇ ಭೇದಿಯಾದಾಗ ಅದನ್ನು ಕುಡಿಸುತ್ತಿರಲಿಲ್ಲ. ಯಾಕೆ ಅಂತ ಕೆದಕಿದರೆ, ಕಲಿಸುವವರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ, ತಮಗೆ ಭೇದಿಯಾದರೆ ಅವರೇ ಬೇರೆ ಔಷಧಿ ನುಂಗುತ್ತಿದ್ದರು! ಆಮೇಲೆ ಅವರಿಗೂ ಅದನ್ನೇ ಕುಡಿಯಲು ಹೇಳಿದರು, ಮನೆಯ ಗಂಡಸರನ್ನೂ ಕೂರಿಸಿ ತಿಳಿಸಿದರು. ಹತ್ತು ವರ್ಷದಲ್ಲಿ 1.2 ಕೋಟಿಗೂ ಜಾಸ್ತಿ ಮನೆ ಮುಟ್ಟಿದರು. ನಮ್ಮ ಪ್ಯಾಕೆಟ್ ಮಾಡುವವರು ಹತ್ತು ತಾಯಂದಿರ ಕೈಗೆ ಕೊಟ್ಟು 'ಕಲಸಿ ತೋರಿಸಿ' ಅಂದಿದ್ದರೂ ಸಾಕಿತ್ತು, ಆ ಹಣ್ಣಿನ ಚಿತ್ರದ ಜಾಗಕ್ಕೆ ಲೀಟರ್ ಬಾಟಲಿ ಚಿತ್ರ ಬರುತ್ತಿತ್ತು.

ಇನ್ನು ಡಬ್ಬಿಯಲ್ಲಿ ಬರುತ್ತಿದ್ದ ಸಿಹಿ 'ಓಆರ್‌ಎಸ್' ಜ್ಯೂಸ್‌ಗಳು. ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ, ಭೇದಿ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿ, ಕೊನೆಗೆ 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂದಿತು. ಇವಕ್ಕೆ ಸ್ಟಾರ್ ಕೊಡುವ ಮಾತೇ ಇಲ್ಲ.

ಕೊಳ್ಳುವವರಿಗೆ: ಅಂಗಡಿಯಲ್ಲೇ 'ಇದು ಲೀಟರಿಗಾ, ಲೋಟಕ್ಕಾ' ಅಂತ ಕೇಳಿ. ಪೂರ್ತಿ ಪ್ಯಾಕೆಟ್ ಒಮ್ಮೆಗೇ ಕಲಸಿ, ಅರ್ಧ ಮಾಡಿ ಎತ್ತಿಡಬೇಡಿ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಮಕ್ಕಳಿಗಾದರೆ ಜೊತೆಗೆ ಝಿಂಕ್ ಮಾತ್ರೆಯನ್ನೂ ಡಾಕ್ಟರ್ ಹತ್ತಿರ ಕೇಳಿ. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಟ್ಟಿದ್ದರೆ ಅದೇ ಸಾಕು, ದುಬಾರಿ ಫ್ಲೇವರ್ ಹುಡುಕುವುದು ಬೇಡ.