ನಮ್ಮೂರ ಸರ್ಕಾರಿ ಆಸ್ಪತ್ರೆಯ ಮಲೇರಿಯಾ ಚಿಕಿತ್ಸೆ: ಐದಕ್ಕೆ ನಾಲ್ಕು ಸ್ಟಾರ್

ಸಿಂಧನೂರು ತಾಲೂಕಿನ ಕ್ಯಾಂಪ್‌ಗಳ ಕಡೆ ಯಾರಾದರೂ ಚಳಿಜ್ವರ ಅಂತ ಮಲಗಿದ್ದರೆ ನೇರವಾಗಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಡವರು ಹೋಗುವ ಜಾಗ ಅಂತ ಮೂಗು ಮುರಿಯಬೇಡಿ. ನನ್ನ ತಮ್ಮನಿಗೆ ಪೇಟೆಯಲ್ಲಿ ದುಡ್ಡು ಸುರಿದರೂ ಸಿಗದ ಚಿಕಿತ್ಸೆ ನಮ್ಮೂರ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತು.

ಅವನಿಗೆ ಮೊದಲು ಜ್ವರ ಬಂದದ್ದು ಭತ್ತದ ನಾಟಿ ಟೈಮಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಇಲ್ಲಿ ಸೊಳ್ಳೆ ಕಾಟ ಕೇಳಬೇಕಾ! ಪೇಟೆಯ ಒಂದು ಕ್ಲಿನಿಕ್‌ನಲ್ಲಿ ರಕ್ತ ಕೂಡ ನೋಡದೆ ಮಲೇರಿಯಾ ಇಂಜೆಕ್ಷನ್ ಅಂತ ಒಂದು ಚುಚ್ಚಿದರು, ಮಾರನೇ ದಿನ ಇನ್ನೊಂದು. ಜ್ವರ ಇಳಿಯಿತು, ಗದ್ದೆಗೆ ಹೋದ. ಸ್ವಲ್ಪ ದಿನ ಕಳೆದ ಮೇಲೆ ಮತ್ತೆ ಅದೇ ನಡುಕ, ಅದೇ ಬೆವರು. ತಿರುಗಿ ಹೋದರೆ ‘ಈಗಿನ ಮಲೇರಿಯಾ ಮಾತ್ರೆಗೆ ಬಗ್ಗಲ್ಲ, ಇನ್ನೂ ಸ್ಟ್ರಾಂಗ್ ಔಷಧಿ ಬೇಕು’ ಅಂದರು.

ಆಮೇಲೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಮಲೇರಿಯಾ ಪರೀಕ್ಷೆಯ ಕಾರ್ಡಿಗೆ, ಇನ್ನೊಂದು ಗಾಜಿನ ಸ್ಲೈಡಿಗೆ. ಇಪ್ಪತ್ತು ನಿಮಿಷದೊಳಗೆ ಕಾರ್ಡಿನಲ್ಲಿ ಕೆಂಪು ಗೆರೆ ಮೂಡಿತು. ‘ಪಿವಿ’ ಅಂದರು, ಅಂದರೆ ವೈವಾಕ್ಸ್ ಅನ್ನೋ ಜಾತಿಯ ಮಲೇರಿಯಾ. ಅಲ್ಲಿನ ಆರೋಗ್ಯ ನಿರೀಕ್ಷಕರು ಕೂರಿಸಿಕೊಂಡು ಬಿಡಿಸಿ ಹೇಳಿದ್ದು ನನಗೆ ತುಂಬಾ ಹಿಡಿಸಿತು. ವೈವಾಕ್ಸ್ ರೋಗಾಣು ರಕ್ತದಲ್ಲಷ್ಟೇ ಇರಲ್ಲ, ಕೆಲವು ಲಿವರ್ ಒಳಗೆ ಹೋಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ನೆ ಮಲಗಿಬಿಡುತ್ತವೆ. ಇಂಜೆಕ್ಷನ್ ರಕ್ತದಲ್ಲಿದ್ದದ್ದನ್ನು ಮಾತ್ರ ಕೊಲ್ಲುತ್ತದೆ, ಮಲಗಿದ್ದು ಎದ್ದಾಗ ಜ್ವರ ವಾಪಸ್. ಹಾಗಾಗಿ ತಮ್ಮನ ಜ್ವರ ಮರಳಿ ಬಂದದ್ದಕ್ಕೆ ‘ಔಷಧಿಗೆ ಬಗ್ಗಲ್ಲ’ ಅನ್ನುವ ಕಾರಣವೇ ಬೇಕಿರಲಿಲ್ಲ, ಲಿವರ್‌ನಲ್ಲಿದ್ದದ್ದಕ್ಕೆ ಯಾರೂ ಔಷಧಿಯನ್ನೇ ಕೊಟ್ಟಿರಲಿಲ್ಲ. ಅದಕ್ಕಿರುವುದು ಪ್ರೈಮಾಕ್ವಿನ್. ರಕ್ತದಲ್ಲಿದ್ದದ್ದಕ್ಕೆ ಮೂರು ದಿನ ಕ್ಲೋರೋಕ್ವಿನ್ ಮಾತ್ರೆ, ಅದರ ಜೊತೆ 14 ದಿನ ಪ್ರೈಮಾಕ್ವಿನ್. ವೈವಾಕ್ಸ್‌ಗೆ ನಮ್ಮ ದೇಶದಲ್ಲಿ ಈಗಲೂ ಕ್ಲೋರೋಕ್ವಿನ್ನೇ ಕೊಡುತ್ತಾರೆ.

ಮಾತ್ರೆಗೆ ಬಗ್ಗದ ಮಲೇರಿಯಾ ಇಲ್ಲವೇ ಇಲ್ಲ ಅಂತಲ್ಲ. ಫಾಲ್ಸಿಪಾರಂ ಅನ್ನೋ ಜಾತಿ ಕ್ಲೋರೋಕ್ವಿನ್‌ಗೆ ಬಗ್ಗದಿದ್ದದ್ದು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಂನಲ್ಲಿ. ಅದಕ್ಕೇ ಈಗ ಫಾಲ್ಸಿಪಾರಂಗೆ ಆರ್ಟಿಸುನೇಟ್ ಜೊತೆ ಇನ್ನೊಂದು ಔಷಧಿ ಸೇರಿಸಿದ ಪ್ಯಾಕ್ ಕೊಡುತ್ತಾರೆ. ವಯಸ್ಸಿಗೆ ತಕ್ಕಂತೆ ಪ್ಯಾಕಿನ ಬಣ್ಣವೂ ಬೇರೆ, ದೊಡ್ಡವರಿಗೆ ಬಿಳಿ, ಒಂಬತ್ತರಿಂದ ಹದಿನಾಲ್ಕು ವರ್ಷದವರಿಗೆ ಕೆಂಪು. ಓದು ಬಾರದ ತಾಯಿಗೂ ಗೊತ್ತಾಗುತ್ತದೆ, ಒಳ್ಳೆಯ ಏರ್ಪಾಡು ಅಲ್ವಾ? ಆರ್ಟಿಸುನೇಟ್ ಬೇಗ ಕೆಲಸ ಮಾಡುತ್ತದೆ, ಆದರೆ ಕೆಲವೇ ಗಂಟೆಗಳಲ್ಲಿ ಮೈಯಿಂದ ಇಳಿದುಹೋಗುತ್ತದೆ. ಉಳಿದ ರೋಗಾಣುಗಳನ್ನು ಮುಗಿಸೋಕೆ ನಿಧಾನವಾಗಿ ಇಳಿಯುವ ಜೊತೆಗಾರ ಬೇಕೇ ಬೇಕು. ಅದಿಲ್ಲದೆ ಬರೀ ಆರ್ಟಿಸುನೇಟಿನ ಎರಡು ಇಂಜೆಕ್ಷನ್ ಹಾಕಿ ಕಳಿಸಿದರೆ ಬದುಕುಳಿದ ಗಟ್ಟಿ ರೋಗಾಣುಗಳೇ ಸೊಳ್ಳೆ ಮೂಲಕ ಪಕ್ಕದ ಮನೆಗೆ ಹೋಗುತ್ತವೆ. ಕಾಂಬೋಡಿಯಾ ಕಡೆ ಈ ಔಷಧಿಯೂ ನಿಧಾನವಾಗಿ ಕೆಲಸ ಮಾಡೋ ಸ್ಥಿತಿ ಬಂದಿದೆ. ನಮ್ಮಲ್ಲೂ ಅರ್ಧಂಬರ್ಧ ಚಿಕಿತ್ಸೆ ಹೀಗೇ ನಡೆದರೆ ಏನು ಗತಿ ಅಂತ ನೆನೆದರೆ ನನಗೆ ನಿಜಕ್ಕೂ ಭಯ ಆಗುತ್ತದೆ.

ಆಶಾ ಕಾರ್ಯಕರ್ತೆಗೆ ಮಾತ್ರ ಪೂರ್ತಿ ಐದು ಸ್ಟಾರ್. ಜ್ವರ ಬಿಟ್ಟ ಮೇಲೆ ತಮ್ಮ ‘ಇನ್ಯಾಕೆ ಮಾತ್ರೆ’ ಅಂತ ಶುರು ಮಾಡಿದ್ದ. ಆಕೆ ಮನೆಗೆ ಬಂದು ಮಾತ್ರೆ ಹಾಳೆ ಕೈಗೆ ತಗೊಂಡು, ಖಾಲಿ ಗುಳಿಗಳನ್ನು ಬೆರಳಲ್ಲಿ ಎಣಿಸಿ, ಆ ದಿನದ್ದನ್ನು ಎದುರಿಗೇ ನುಂಗಿಸಿ ಹೋಗುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆ ಹಿಂಡುತ್ತದೆ, ರೊಟ್ಟಿ ತಿಂದೇ ತಗೊಳ್ಳಿ ಅಂತ ಹೇಳಿದ್ದೂ ಅವರೇ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಜಿ6ಪಿಡಿ (ಕೆಂಪು ರಕ್ತಕಣ ಕಾಯುವ ಒಂದು ಕಿಣ್ವ) ಪರೀಕ್ಷೆ ಅಲ್ಲಿ ಇಲ್ಲದ್ದಕ್ಕೆ. ಆ ಕಿಣ್ವ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣ ಒಡೆಯುತ್ತವೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಅಂತ ಬಾಯಲ್ಲಿ ಎಚ್ಚರಿಸಿದರು, ಅಷ್ಟು ಸಾಲದು. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವಂತಿಲ್ಲ, ಹಾಗಾಗಿ ಅನುಮಾನ ಇದ್ದರೂ ಮೊದಲೇ ಹೇಳಿ. ಲ್ಯಾಬಿನವರು ಮಧ್ಯಾಹ್ನದ ಮೇಲೆ ಸಿಗಲಿಲ್ಲ, ಬೆಳಿಗ್ಗೆನೇ ಹೋಗೋದು ಒಳ್ಳೇದು.