ವಿಚಾರವಾದಿಗಳ ತಿಂಗಳ ಕೂಟ: ಪ್ರಶ್ನೆ ಇರಲಿ, ನಗು ಬೇಡ

ಬೆಳಗಾವಿಯ ಟಿಳಕವಾಡಿಯಲ್ಲಿ ತಿಂಗಳಿಗೊಮ್ಮೆ ಶನಿವಾರ ಸಂಜೆ ಸೇರುವ ವಿಚಾರವಾದಿಗಳ ಗುಂಪಿನ ಬಗ್ಗೆ ಬರೆಯುತ್ತಿದ್ದೇನೆ. ಯಾವ ತಾರೀಖು, ಯಾರ ಭಾಷಣ, ಯಾವ ವಿಷಯ ಅನ್ನೋದೆಲ್ಲ ಅವರ ಹ್ಯಾಂಡ್‌ಬಿಲ್‌ನಲ್ಲೇ ಇರುತ್ತದೆ. ನಾನು ಕೆಲವು ವರ್ಷಗಳಿಂದ ಹೋಗುತ್ತಿದ್ದೇನೆ. ನಡುವೆ ಸಿಟ್ಟಾಗಿ ಬಿಟ್ಟಿದ್ದೆ. ಈಗ ಮತ್ತೆ ಹೋಗುತ್ತಿದ್ದೇನೆ, ಅವ್ವನನ್ನೂ ಕರೆದುಕೊಂಡು.

ಒಂದು ಸಲಕ್ಕೆ 50 ರೂಪಾಯಿ, ಚಹಾ-ಭಜಿ ಸೇರಿ. ನಾನು ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ತಿಂಗಳ ಕೊನೆಯಲ್ಲಿ 50 ರೂಪಾಯಿಯನ್ನೂ ಯೋಚಿಸಿಯೇ ಖರ್ಚು ಮಾಡುತ್ತೇನೆ. ಆದರೂ ಈ ದುಡ್ಡಿಗೆ ಇಷ್ಟು ತುಂಬಿದ ಸಂಜೆ ನಮ್ಮ ಊರಲ್ಲಿ ಬೇರೆ ಎಲ್ಲೂ ಸಿಗುವುದಿಲ್ಲ.

ಹೊಸದಾಗಿ ಬರುವವರು ಭಾಷಣ ಮುಗಿದ ಕೂಡಲೇ ಎದ್ದು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಭಾಷಣ ಮುಗಿಯುವ ಹೊತ್ತಿಗೆ ಕೆಳಗಿನ ಅಂಗಡಿಯ ಹುಡುಗ ದೊಡ್ಡ ಕಿಟ್ಲಿ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಒಬ್ಬರು ಹಳೇ ಪೇಪರ್ ಹಾಸುತ್ತಾರೆ. ಅದರ ಮೇಲೆ ಚುರುಮುರಿ ಸುರಿದು, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಪುಟಾಣಿ ಪುಡಿ, ಒಂದಿಷ್ಟು ಎಣ್ಣೆ ಹಾಕಿ ಕೈಯಲ್ಲೇ ಕಲಸುತ್ತಾರೆ. ಬಿಸಿ ಮಿರ್ಚಿ ಭಜಿ ಪೊಟ್ಟಣ ಬಿಚ್ಚುತ್ತಿದ್ದ ಹಾಗೆ ಕುರ್ಚಿಗಳೆಲ್ಲ ತಾವಾಗಿಯೇ ದುಂಡಗೆ ಆಗುತ್ತವೆ. ಆಗಲೇ ನಿಜವಾದ ಪ್ರಶ್ನೆಗಳು ಬರುವುದು. ಮೈಕಿನ ಮುಂದೆ ಬಾಯಿ ಬಿಡದವರು ಇಲ್ಲಿ ಬಾಯಿ ಬಿಡುತ್ತಾರೆ. ಮಗಳ ಜಾತಕದಲ್ಲಿ ಕುಜದೋಷ ಇದೆ ಅಂತ ಮೂರು ಸಂಬಂಧ ಮುರಿದುಹೋಗಿವೆ, ಏನು ಮಾಡಲಿ ಅಂತ ಒಬ್ಬ ತಂದೆ ಕೇಳಿದ್ದು ಇಲ್ಲೇ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಯಾರೂ ಅದಕ್ಕೆ ತಕರಾರು ಮಾಡುವುದಿಲ್ಲ. ಲಂಡನ್ನಿನಲ್ಲಿ 1999ರಲ್ಲಿ ‘ಸ್ಕೆಪ್ಟಿಕ್ಸ್ ಇನ್ ದ ಪಬ್’ ಅಂತ ಶುರುವಾಗಿ, ಆಮೇಲೆ ಬೇರೆ ದೇಶಗಳಿಗೂ ಹಬ್ಬಿದ ಪದ್ಧತಿ ಇದು. ಪಬ್ಬಿನಲ್ಲಿ ಕೂತು ಒಂದು ಭಾಷಣ ಕೇಳುವುದು, ಆಮೇಲೆ ಪ್ರಶ್ನೆ, ಹರಟೆ. ನಮ್ಮವರು ಪಬ್ ಬಿಟ್ಟು ಚಹಾ ಹಿಡಿದಿದ್ದಾರೆ. ಅದರಿಂದಲೇ ನನ್ನಂಥವರು ಬರಲು ಸಾಧ್ಯವಾಗಿದೆ.

ಒಳ್ಳೆಯ ಸಂಜೆಗಳು ಬೇಕಾದಷ್ಟಿವೆ. ಒಮ್ಮೆ ಹಿಂದಿನ ತಿಂಗಳೇ ಎಲ್ಲರ ಹುಟ್ಟಿದ ದಿನ, ಸಮಯ ಬರೆಸಿಕೊಂಡರು. ಮುಂದಿನ ಸಲ ಹೆಸರು ಬರೆದ ಲಕೋಟೆ ಕೈಗಿಟ್ಟು, ಒಳಗಿನ ಭವಿಷ್ಯ ಓದಿ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂದರು. ‘ನೀವು ಹೊರಗೆ ಗಟ್ಟಿ, ಒಳಗೆ ಅಳುಕು ಇದೆ. ನಿಮ್ಮ ಶಕ್ತಿಗೆ ತಕ್ಕ ಕೆಲಸ ಇನ್ನೂ ಸಿಕ್ಕಿಲ್ಲ’ ಅಂತೆಲ್ಲ ಇತ್ತು. ಪಕ್ಕದ ಹುಡುಗ ಐದಕ್ಕೆ ಐದು ಕೊಟ್ಟ. ನಾನು ನಾಲ್ಕು ಕೊಟ್ಟೆ. ಆಮೇಲೆ ಹಾಳೆ ಅದಲುಬದಲು ಮಾಡಿಕೊಳ್ಳಿ ಅಂದರು. ಎಲ್ಲರದ್ದೂ ಒಂದೇ ಬರಹ! ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದು. ಅವರು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26. ಅವತ್ತಿನಿಂದ ಟೀವಿಯ ದಿನಭವಿಷ್ಯ ನನ್ನ ಕಿವಿಗೆ ಬೇರೆ ರೀತಿಯೇ ಕೇಳಿಸುತ್ತದೆ.

2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿಯೂ ಹಾಗೆಯೇ. ಒಬ್ಬ ಸದಸ್ಯರ ಮನೆ ಮಾಳಿಗೆ ಮೇಲೆ ಚಾಪೆ ಹಾಸಿದ್ದರು. ಹತ್ತು ಗಂಟೆ ಸುಮಾರಿಗೆ ಭೂಮಿಯ ನೆರಳು ತಾಗಿತು. 11 ಗಂಟೆಯಿಂದ 12 ಗಂಟೆ 22 ನಿಮಿಷದವರೆಗೆ ಪೂರ್ತಿ ಗ್ರಹಣ. ಮೋಡ ಸರಿದಾಗಲೆಲ್ಲ ಮಕ್ಕಳು ಕೂಗುತ್ತಿದ್ದರು. ಚಂದ್ರ ಯಾಕೆ ಕೆಂಪಾದ ಅಂತ ಒಬ್ಬ ಹುಡುಗಿ ಕೇಳಿದಳು. ಭೂಮಿಯ ಸುತ್ತಲಿನ ಗಾಳಿ ನೀಲಿ ಬೆಳಕನ್ನು ಚದುರಿಸಿ, ಕೆಂಪನ್ನು ಬಗ್ಗಿಸಿ ಚಂದ್ರನ ಮೇಲೆ ಬಿಡುತ್ತದೆ ಅಂತ ಹೇಳಿಕೊಟ್ಟರು. ನಮ್ಮ ಆಫೀಸಿನ ಏಳು ತಿಂಗಳ ಬಸುರಿ ಗೆಳತಿ ಅತ್ತೆಯ ಒಪ್ಪಿಗೆ ಪಡೆದೇ ಬಂದಿದ್ದಳು. ಗ್ರಹಣದ ಹೊತ್ತಲ್ಲೇ ಎಲ್ಲರ ಜೊತೆ ಕೂತು ಅವಲಕ್ಕಿ ತಿಂದಳು. ಮಗು ಆರೋಗ್ಯವಾಗಿದೆ.

ಇಷ್ಟೆಲ್ಲ ಇದ್ದೂ ನಾನು ಹೋಗುವುದನ್ನು ನಿಲ್ಲಿಸಿದ್ದೆ. ಕಾರಣ ಒಂದು ನಗು.

ಹೊರಗಿನಿಂದ ಬಂದ ಒಬ್ಬರ ಭಾಷಣ ಅವತ್ತು. ಮೈಮೇಲೆ ದೇವರು ಬರುವುದರ ಬಗ್ಗೆ. ವಿಷಯ ನೋಡಿ ಅವ್ವನನ್ನು ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಅವ್ವ ಸವದತ್ತಿ ಯಲ್ಲಮ್ಮನ ಒಕ್ಕಲು. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗದೆ ಇರುವವಳಲ್ಲ. ಭಾಷಣಕಾರರು ವಿಷಯ ಹೇಳುತ್ತ ಹೇಳುತ್ತ, ಮೈದುಂಬಿದ ಹೆಂಗಸಿನ ದನಿ ಅನುಕರಿಸಿದರು. ತಲೆ ಕೊಡವಿದರು. ಜಟೆ ಬಿಟ್ಟವರ ತಲೆಯಲ್ಲಿ ಹೇನು ಓಡಾಡುವುದನ್ನು ಕೈಯಲ್ಲಿ ಮಾಡಿ ತೋರಿಸಿದರು. ಹಾಲ್ ತುಂಬ ನಗು. ಅವ್ವ ತೊಡೆ ಮೇಲಿನ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಚಹಾಕ್ಕೂ ನಿಲ್ಲಲಿಲ್ಲ. ಆಟೋದಲ್ಲಿ ಬರುವಾಗ ಒಂದೇ ಮಾತು ಹೇಳಿದಳು: “ಅವರು ಹೇಳಾಕ ಬಂದಾರವ್ವ, ಕೇಳಾಕ ಬಂದಿಲ್ಲ.”

ಅಲ್ಲಿ ಕೂತವರಿಗೆ ಗೊತ್ತಿಲ್ಲದ್ದು ಒಂದಿತ್ತು. ನಮ್ಮ ಮೌಶಿಗೆ, ಅಂದರೆ ಅವ್ವನ ಒಡಹುಟ್ಟಿದವಳಿಗೆ, ಜಟೆ ಬಂದಿತ್ತು. ಕೂದಲು ತೊಳೆಯದೆ, ಬಾಚದೆ ಗಂಟುಗಟ್ಟಿ, ಕೊಳೆ ಸೇರಿ ಅಂಟಿಕೊಂಡರೆ ಜಟೆಯಾಗುತ್ತದೆ. ಅದನ್ನು ಯಲ್ಲಮ್ಮ ಕರೆದಳು ಅಂತ ತಿಳಿದು ಕತ್ತರಿ ಮುಟ್ಟಿಸದೆ ಬಿಡುತ್ತಾರೆ. ಹಿಂದೆ ಎಷ್ಟೋ ಹುಡುಗಿಯರನ್ನು ಇದೇ ನೆಪದಲ್ಲಿ ದೇವದಾಸಿ ಮಾಡಿದರು. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಮೌಶಿಯ ಜಟೆ ತೆಗೆದವರೂ ವಿಚಾರವಾದಿಗಳೇ, ಕೊಲ್ಲಾಪುರದ ಕಡೆಯ ಇಬ್ಬರು ಹೆಣ್ಣುಮಕ್ಕಳು. ಅವರು ಮತ್ತೆ ಮತ್ತೆ ಮನೆಗೆ ಬಂದರು. ಮೊದಮೊದಲು ಜಟೆಯ ಸುದ್ದಿಯನ್ನೇ ಎತ್ತಲಿಲ್ಲ. ಕುತ್ತಿಗೆ ನೋವು ಹೇಗಿದೆ ಅಂತ ಕೇಳಿದರು. ಕೆಟ್ಟದಾದರೆ ನಮ್ಮ ಮೇಲೆ ಬರಲಿ ಅಂದರು. ಮೌಶಿ ತಾನಾಗಿಯೇ ಹೂಂ ಅಂದ ದಿನ ಕತ್ತರಿಸಿ, ತಲೆ ತೊಳೆದು, ಎಣ್ಣೆ ಹಚ್ಚಿ, ಊಟ ಮಾಡಿಕೊಂಡು ಹೋದರು. ಮೌಶಿ ಎಷ್ಟೋ ವರ್ಷದ ಮೇಲೆ ದಿಂಬಿಗೆ ತಲೆ ಕೊಟ್ಟು ಮಲಗಿದಳು.

ಆ ಕೆಲಸ ನೋಡಿದವಳು ನಾನು, ಈ ನಗು ಹೇಗೆ ಸಹಿಸಲಿ? ನಗಿಸಿದವರಿಗೆ ಅವತ್ತು ಚಪ್ಪಾಳೆ ಸಿಕ್ಕಿತು. ಆದರೆ ಹಾಲಿನಲ್ಲಿ ಇದ್ದವರಲ್ಲಿ ಮನಸ್ಸು ಬದಲಾಗಬಹುದಾಗಿದ್ದ ಒಬ್ಬಳು ಎದ್ದು ಹೋದಳು. ಅದೇ ಹಾಲಿನ ಗೋಡೆಯ ಮೇಲೆ ಎಚ್. ನರಸಿಂಹಯ್ಯನವರ ಫೋಟೋ ಇದೆ. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದವರು. ಪವಾಡ ಮಾಡುತ್ತೇನೆ ಅನ್ನುವವರಿಗೆ ಪತ್ರ ಬರೆದು, ನಮ್ಮೆದುರು ಮಾಡಿ ತೋರಿಸಿ ಅಂತ ಕೇಳಿದವರು. ಮೊದಲು ಕೇಳಬೇಕು, ನೋಡಬೇಕು. ನಾನು ಇದನ್ನೆಲ್ಲ ಬಾಗಿಲ ಹತ್ತಿರದ ಅಭಿಪ್ರಾಯದ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದು ಬಂದೆ. ಆಮೇಲೆ ಹೋಗಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ನಮ್ಮ ಭಾಗದಲ್ಲಿ ಇಂಥ ಕೂಟ ನಡೆಸುವುದು ಸಣ್ಣ ಕೆಲಸ ಅಲ್ಲ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್, 2015ರ ಫೆಬ್ರವರಿಯಲ್ಲಿ ಕೊಲ್ಲಾಪುರದಲ್ಲಿ ಎಡಪಂಥೀಯ ಲೇಖಕ ಗೋವಿಂದ ಪಾನಸರೆ, ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಧಾರವಾಡವೂ ಕೊಲ್ಲಾಪುರವೂ ನಮ್ಮಿಂದ ಬಸ್ಸಿನಲ್ಲಿ ಕೆಲವೇ ತಾಸಿನ ದಾರಿ. ಅಷ್ಟಾದರೂ ಈ ಗುಂಪಿನವರು ಬಾಗಿಲು ತೆರೆದೇ ಇಟ್ಟಿದ್ದಾರೆ. ಆ ಧೈರ್ಯದ ಮೇಲೆ ಗೌರವ ಇರುವುದಕ್ಕೇ ನನಗೆ ಅಷ್ಟು ಬೇಸರವಾದದ್ದು.

ಮತ್ತೆ ಹೋದದ್ದು ನೀರಿನ ಕಾರಣಕ್ಕೆ. ಬೈಲಹೊಂಗಲದ ಹತ್ತಿರ ನಮ್ಮ ಕಾಕಾ ಬೋರ್ ಕೊರೆಸಿ, ನೀರು ಬೀಳದೆ, ಸಾಲ ಮಾತ್ರ ಉಳಿಸಿಕೊಂಡಿದ್ದರು. ಪಾಯಿಂಟ್ ತೋರಿಸಿದ್ದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವ ಒಬ್ಬ ಅಜ್ಜ. ಅಂಥದೇ ಇನ್ನೊಬ್ಬ ಅಜ್ಜನನ್ನು ಗುಂಪಿನವರು ಪರೀಕ್ಷೆಗೆ ಒಪ್ಪಿಸಿದ್ದಾರೆ, ಉದ್ಯಮಬಾಗದ ಒಂದು ವರ್ಕ್‌ಶಾಪಿನ ಹಿಂದಿನ ಬಯಲಲ್ಲಿ ನಡೆಯುತ್ತದೆ ಅಂತ ಗೊತ್ತಾಯಿತು. ಕಾಕಾ ಬಂದರು. ಹಗಲು ಕಾರ್ಯಕ್ರಮ ಅಂತ ಅವ್ವನೂ ಬಂದಳು.

ಮೊದಲು ಅಜ್ಜನಿಗೆ ಕುರ್ಚಿ, ನೀರು, ಚಹಾ. ಶಾಲು ಹೊದಿಸಿದರು. ನಿಯಮಗಳನ್ನು ಓದಿ ಹೇಳಿ, ಇದರಲ್ಲಿ ನಿಮಗೆ ಸರಿ ಕಾಣದ್ದು ಯಾವುದು ಅಂತ ಕೇಳಿದರು. ಅಜ್ಜ ಒಂದನ್ನು ಬದಲಾಯಿಸಿದರು: ಡಬ್ಬಿಗಳ ನಡುವೆ ಅಂತರ ಜಾಸ್ತಿ ಇರಬೇಕು. ಹಾಗೇ ಮಾಡಿದರು. ಹತ್ತು ರಟ್ಟಿನ ಡಬ್ಬಿ ಬೋರಲು ಹಾಕಿದ್ದರು. ಒಂದರ ಕೆಳಗೆ ನೀರು ತುಂಬಿದ ಕ್ಯಾನ್, ಉಳಿದವುಗಳ ಕೆಳಗೆ ಖಾಲಿ ಕ್ಯಾನ್. ಯಾವುದರ ಕೆಳಗೆ ನೀರು ಅನ್ನೋದನ್ನು ಪ್ರತಿ ಸಲವೂ ಚೀಟಿ ಎತ್ತಿ ನಿರ್ಧಾರ. ಕ್ಯಾನ್ ಇಟ್ಟ ಹುಡುಗರು ಶೆಡ್ಡಿನ ಹಿಂದೆ ಹೋಗಿಬಿಡುತ್ತಿದ್ದರು. ಹೀಗಾಗಿ ಬಯಲಲ್ಲಿ ನಿಂತ ಯಾರಿಗೂ ಉತ್ತರ ಗೊತ್ತಿಲ್ಲ. ಗೊತ್ತಿದ್ದವರ ಮುಖವೇ ಸುಳಿವು ಕೊಡಬಹುದು ಅಲ್ವಾ, ಅದಕ್ಕೆ. ಹತ್ತರಲ್ಲಿ ಎಷ್ಟು ಸರಿ ಬರಬೇಕು ಅಂತ ಅಜ್ಜನನ್ನೇ ಕೇಳಿದರು. “ಎಂಟು ಬರಲಿಕ್ಕೇ ಬೇಕ್ರಿ” ಅಂದರು.

ಮೊದಲ ಸಲ ಡಬ್ಬಿ ತೆಗೆದು, ನೀರು ಕಾಣುವ ಹಾಗೆ ಇಟ್ಟರು. ಕಾಯಿ ಅಂಗೈ ಮೇಲೆ ಅಡ್ಡ ಮಲಗಿತ್ತು. ನೀರಿನ ಹತ್ತಿರ ಬರುತ್ತಿದ್ದ ಹಾಗೆ ಜುಟ್ಟು ಮೇಲಾಗಿ ನೆಟ್ಟಗೆ ನಿಂತಿತು. ನನಗೆ ಮೈ ಝುಂ ಅಂದಿತು. ಆಮೇಲೆ ಡಬ್ಬಿ ಮುಚ್ಚಿ ಹತ್ತು ಸಲ ಮಾಡಿದರು. ಕಾಯಿ ಪ್ರತಿ ಸಲವೂ ಎಲ್ಲೋ ಒಂದು ಕಡೆ ನಿಂತಿತು. ಆದರೆ ನೀರಿದ್ದ ಡಬ್ಬಿಯ ಎದುರು ನಿಂತದ್ದು ಎರಡು ಸಲ ಮಾತ್ರ. ಸುಮ್ನೆ ಕಣ್ಣುಮುಚ್ಚಿ ಆರಿಸಿದರೂ ಒಂದು ಬರುತ್ತದೆ, ಎರಡು ಅಥವಾ ಅದಕ್ಕಿಂತ ಹೆಚ್ಚು ಬರುವುದು ನಾಲ್ಕು ಪರೀಕ್ಷೆಗೊಮ್ಮೆ ಆಗುವ ಮಾತು ಅಂತ ಲೆಕ್ಕ ಬಿಡಿಸಿ ತೋರಿಸಿದರು.

ಅಜ್ಜ ಹೇಳಿದರು: “ಇದು ನಿಂತ ನೀರ್ರಿ. ನನಗ ಹರಿಯೋ ನೀರ ತಿಳಿತೈತಿ.” ಒಬ್ಬರೂ ನಗಲಿಲ್ಲ. ನಡೆಸುತ್ತಿದ್ದವರು, ಇದೇ ಪ್ರಶ್ನೆಗೆ 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಉತ್ತರ ಹುಡುಕಿದ್ದಾರೆ ಅಂತ ಹೇಳಿದರು. ಅಲ್ಲಿ ಅರ್ಧ ಮೀಟರ್ ಆಳದಲ್ಲಿ ಪೈಪ್ ಹೂತು, ನೀರು ಹರಿಸಿ, ನಿಲ್ಲಿಸಿ, ಸುಮಾರು 30 ಜನ ನೀರು ಹುಡುಕುವವರನ್ನು ಪರೀಕ್ಷೆ ಮಾಡಿದ್ದರು. ಫಲಿತಾಂಶ ಊಹೆಗಿಂತ ಮೇಲೆ ಹೋಗಲಿಲ್ಲ. “ಆದರೂ ನಿಮ್ಮ ಸಲುವಾಗಿ ಇಲ್ಲೇ ಪೈಪ್ ಹಾಕ್ತೀವಿ, ಇನ್ನೊಮ್ಮೆ ಬರ್ರಿ ಅಜ್ಜಾರ” ಅಂದರು. ಅಜ್ಜ ಒಪ್ಪಿದರು.

ಆಗ ಅವ್ವ ಎದ್ದು ನಿಂತಳು. “ಹಂಗಾದ್ರ ಕಾಯಿ ಯಾಕ ಎದ್ದ ನಿಂತಿತ್ರಿ? ಅಜ್ಜಾರು ಸುಳ್ಳ ಮಾಡಾಕತ್ತಿಲ್ಲಲ್ಲ?” ನಡೆಸುತ್ತಿದ್ದವರು ಉತ್ತರ ಹೇಳುವ ಮೊದಲು ಅವ್ವನ ಕೈಗೇ ಕಾಯಿ ಕೊಟ್ಟರು. ಮುಂದಿನ ಡಬ್ಬಿ ಕೆಳಗೆ ನೀರಿದೆ, ನಡೀರಿ ಅಂದರು. ಅವ್ವ ನಡೆದಳು. ಎರಡು ಹೆಜ್ಜೆ ದೂರ ಇದ್ದಾಗ ಕಾಯಿ ಅಲುಗಿತು, ಡಬ್ಬಿ ಹತ್ತಿರ ಎದ್ದು ನಿಂತಿತು. ಅವ್ವ ಹೆದರಿ ನನ್ನ ಕಡೆ ನೋಡಿದಳು. ಡಬ್ಬಿ ಎತ್ತಿದರು. ಕ್ಯಾನ್ ಖಾಲಿ. ದುಂಡನೆಯ ಕಾಯಿ ಅಂಗೈ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ಬೆರಳು ಕೂದಲೆಳೆಯಷ್ಟು ಅಲುಗಿದರೂ ಹೊರಳುತ್ತದೆ. ಇಲ್ಲಿದೆ ಅಂತ ಮನಸ್ಸು ಅಂದುಕೊಂಡರೆ ಸಾಕು, ನಮಗೇ ತಿಳಿಯದೆ ಕೈ ಅಲುಗುತ್ತದೆ. ಇದನ್ನು 1852ರಷ್ಟು ಹಿಂದೆಯೇ ವಿಲಿಯಂ ಕಾರ್ಪೆಂಟರ್ ಅನ್ನುವ ಇಂಗ್ಲಿಷ್ ವೈದ್ಯ ವಿವರಿಸಿ, ಇಡಿಯೋಮೋಟರ್ ಅಂತ ಹೆಸರಿಟ್ಟರು. ಅಜ್ಜ ಸುಳ್ಳು ಹೇಳುತ್ತಿಲ್ಲ ಅಂತ ಅಷ್ಟು ಜನರ ಮುಂದೆ ಸ್ಪಷ್ಟವಾಗಿ ಹೇಳಿದರು. ಅಜ್ಜ ತಮ್ಮ ಅಂಗೈಯನ್ನೇ ಬಹಳ ಹೊತ್ತು ನೋಡುತ್ತಿದ್ದರು.

ಕಾಕಾನಿಗೆ ಬೇಕಾದದ್ದೂ ಸಿಕ್ಕಿತು. ಒಬ್ಬ ನಿವೃತ್ತ ಭೂವಿಜ್ಞಾನದ ಮೇಷ್ಟ್ರು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ನಮ್ಮ ಜಿಲ್ಲೆಯ ಬಹುಭಾಗ ಕಪ್ಪು ಬಸಾಲ್ಟ್ ಕಲ್ಲು, ಗೋಕಾಕ, ಸವದತ್ತಿ ಕಡೆ ಕಲಾದಗಿಯ ಮರಳುಗಲ್ಲು. ನೀರು ಕಲ್ಲಿನ ಬಿರುಕುಗಳಲ್ಲಿ, ಪದರಗಳ ನಡುವೆ ಇರುತ್ತದೆ. ಬಿರುಕು ಜಾಸ್ತಿ ಇರುವ ಕಡೆ ಎಲ್ಲಿ ಕೊರೆದರೂ ಬೀಳುತ್ತದೆ, ಹೆಸರು ಕಾಯಿಗೆ ಬರುತ್ತದೆ. ನೆಲಕ್ಕೆ ಕರೆಂಟ್ ಬಿಟ್ಟು ನೋಡುವ ಮಷೀನ್, ಒದ್ದೆ ಕಲ್ಲು ಎಲ್ಲಿದೆ ಅಂತ ಅಂದಾಜು ಕೊಡುತ್ತದೆ. ಅದೂ ಕೆಲವೊಮ್ಮೆ ತಪ್ಪುತ್ತದೆ ಅಂತ ಮುಚ್ಚಿಡದೆ ಹೇಳಿದರು. ಕಾಕಾ ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಅವರಿಗೆ ಇಷ್ಟವಾದದ್ದು ಮಷೀನ್ ಅಲ್ಲ, ತಪ್ಪುತ್ತದೆ ಅಂತ ಹೇಳಿದ ಮಾತು.

ನನ್ನ ಎರಡು ಪುಟ ಓದಿದ್ದರಿಂದಲೇ ಹೀಗಾಯಿತೋ ಇಲ್ಲವೋ, ಈಗ ಹೊರಗಿನ ಭಾಷಣಕಾರರಿಗೆ ಮೊದಲೇ ಹೇಳುತ್ತಾರಂತೆ: ನಂಬಿಕೆಯನ್ನು ಪ್ರಶ್ನೆ ಮಾಡಿ, ನಂಬಿದವರನ್ನು ಆಡಿಕೊಳ್ಳಬೇಡಿ. ಪ್ರತಿಯೊಬ್ಬರೂ ಪಾಲಿಸುತ್ತಾರೆ ಅಂತ ಹೇಳಲಾರೆ. ಹಳೇ ಸದಸ್ಯರಲ್ಲಿ ಕೆಲವರಿಗೆ ಆ ಚಟ ಇನ್ನೂ ಇದೆ. ಅಂಥ ಸಂಜೆ ನಾನು ಎದ್ದು ಅಲ್ಲೇ ಹೇಳುತ್ತೇನೆ.

ಬಾಕಿ ಕೊರತೆಗಳು ಬೇಗ ಹೇಳುತ್ತೇನೆ. ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರಿಗೆ ಕಷ್ಟ. ಪೂರ್ತಿ ಮರಾಠಿ ಭಾಷಣ ಇದ್ದಾಗ ಹಳ್ಳಿಯಿಂದ ಬಂದವರಿಗೆ ಕನ್ನಡದಲ್ಲಿ ಹೇಳುವವರು ಬೇಕು. ಎಲ್ಲಕ್ಕಿಂತ ದೊಡ್ಡದು ಸಮಯ. ಆರೂವರೆಗೆ ಶುರು, ಚಹಾ ಮುಗಿದು ಹೊರಡುವಾಗ ಒಂಬತ್ತು ದಾಟಿರುತ್ತದೆ. ಅಷ್ಟು ಹೊತ್ತಿಗೆ ವಡಗಾವಿ ಕಡೆಗೆ ಆಟೋದವರು ಹೇಳಿದ್ದೇ ರೇಟು. ಕೂಟದಲ್ಲಿ ಹೆಂಗಸರು ಕಡಿಮೆ ಯಾಕೆ ಅಂತ ಅವರೇ ಆಗಾಗ ಕೇಳುತ್ತಾರೆ. ಉತ್ತರ ಗಡಿಯಾರದಲ್ಲಿದೆ. ನಾಲ್ಕು ಗಂಟೆಗೆ ಇಟ್ಟು ನೋಡಲಿ. ನಮ್ಮ ಓಣಿಯಿಂದಲೇ ಆರೇಳು ಜನರನ್ನು ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಪೈಪಿನ ಪರೀಕ್ಷೆ ಜೋಳದ ಸುಗ್ಗಿ ಮುಗಿದ ಮೇಲೆ ಅಂತ ಹೇಳಿದ್ದಾರೆ. ಅದೂ ಹಗಲಿನಲ್ಲೇ ಇರಲಿ.